ಒಂದೇ ಕಂಪ್ಯೂಟರ್, ಎರಡು ಡಿಸ್ಕ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

"ಮೇಡಂ, ದ್ಯುತಿಸಂಶ್ಲೇಷಣೆ ಅಂತ ಏನೋ ಕಳಿಸಿದ್ದೀರಿ. ಇದಕ್ಕೂ ಟ್ಯಾಕ್ಸ್ ಬಂತಾ?"

ಅಡಿಕೆ ಮಂಡಿಯವರು ಫೋನ್ ಮಾಡಿ ಹೀಗೆ ಕೇಳಿದಾಗ ನನಗೆ ಮೊದಲು ಏನೂ ಅರ್ಥ ಆಗಲಿಲ್ಲ. ಅವರಿಗೆ ಕಳಿಸಬೇಕಿದ್ದದ್ದು ಆ ತಿಂಗಳ ಚಲನ್. ಹೋಗಿದ್ದು ನನ್ನ ಮಗನ ಎಂಟನೇ ಕ್ಲಾಸಿನ ವಿಜ್ಞಾನದ ಪ್ರಾಜೆಕ್ಟ್. ಎರಡೂ ಒಂದೇ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂತಿದ್ದವು, ನಾನು ಅವಸರದಲ್ಲಿ ಮೇಲಿನದನ್ನು ಎಳೆದು ಹಾಕಿದ್ದೆ. ಇಬ್ಬರೂ ನಕ್ಕೆವು, ಮುಗಿಯಿತು.

ಮೂರು ವಾರ ಬಿಟ್ಟು ಅದೇ ತಪ್ಪು ಉಲ್ಟಾ ಆಯಿತು. ಮಗ ಹೋಂವರ್ಕ್ ಅಂತ ಕ್ಲಾಸಿನ ಗ್ರೂಪಿಗೆ ಹಾಕಿದ್ದು ನನ್ನ ಇನ್ನೊಬ್ಬ ಕ್ಲೈಂಟಿನ ಬ್ಯಾಂಕ್ ಸ್ಟೇಟ್‌ಮೆಂಟ್. ಗೊತ್ತಾದ ಕೂಡಲೇ ಅಳಿಸಿಸಿದೆ, ಆದರೆ ಅಷ್ಟರಲ್ಲಿ ಎಷ್ಟು ಜನ ತೆರೆದು ನೋಡಿದ್ದರೋ. ಕ್ಲೈಂಟಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. "ಆಯ್ತು ಬಿಡಿ ಮೇಡಂ" ಅಂದರು. ಮಾರ್ಚ್ ಮುಗಿದ ಮೇಲೆ ಅವರ ಲೆಕ್ಕ ಬೇರೆ ಕಡೆ ಹೋಯಿತು.

ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ಚಿಕ್ಕಪುಟ್ಟ ಅಂಗಡಿಗಳ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. 2022ರಲ್ಲಿ ಅಸೆಂಬಲ್ ಮಾಡಿಸಿದ್ದು, ರೈಜನ್ 5 5600ಜಿ, 16 ಜಿಬಿ ರ‍್ಯಾಮ್. ಹಗಲು ನನ್ನದು, ಸಂಜೆ ಮಗನದು, ಮಧ್ಯಾಹ್ನ ನಾನು ಊಟ ಮಾಡಿ ಮಲಗಿದಾಗ ನಮ್ಮ ಮಾವನವರದು. ಮಾವ ರಿಟೈರ್ಡ್ ಮೇಷ್ಟ್ರು, ಹಳೆಯ ನೆನಪುಗಳನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡುತ್ತಾ ಕೂರುತ್ತಾರೆ. "ಇನ್ನೊಂದು ಲ್ಯಾಪ್‌ಟಾಪ್ ತಗೊಳ್ಳಿ" ಅಂತ ಹೇಳುವವರು ಸುಮಾರು ಜನ ಇದ್ದಾರೆ. ಹೇಳುವುದು ಸುಲಭ. ಜಾಗ ಇಲ್ಲ, ದುಡ್ಡೂ ಸುಮ್ಮನೆ ಬರುವುದಿಲ್ಲ, ಮೇಲಾಗಿ ನನಗೆ ದೊಡ್ಡ ಮಾನಿಟರ್ ಮತ್ತು ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಇಲ್ಲದಿದ್ದರೆ ಕೆಲಸ ಓಡುವುದೇ ಇಲ್ಲ.

ಹಾಗಾಗಿ ಇದ್ದದ್ದನ್ನೇ ಎರಡು ಮನೆ ಮಾಡಲು ಹೊರಟೆ. ಮೂರು ಸಲ ಸೋತು ನಾಲ್ಕನೆಯದರಲ್ಲಿ ನಿಂತಿದ್ದೇನೆ. ಈ ಬರಹ ಆ ನಾಲ್ಕನೆಯದರ ರಿವ್ಯೂ, ಅಂದರೆ ಎರಡು ಎಸ್‌ಎಸ್‌ಡಿ (ಫೈಲು ಸಿಸ್ಟಮ್ ಎಲ್ಲ ಕೂರುವ ಡಿಸ್ಕ್), ಎರಡು ಬೇರೆ ಬೇರೆ ಸಿಸ್ಟಮ್. ಆದರೆ ಮೊದಲಿನ ಮೂರು ಯಾಕೆ ಕೈಕೊಟ್ಟವು ಅಂತ ಹೇಳದೇ ಇದರ ಬೆಲೆ ತಿಳಿಯುವುದಿಲ್ಲ.

ಮೊದಲು ಮಾಡಿದ್ದು ಬ್ರೌಸರ್ ಪ್ರೊಫೈಲ್. ಕ್ರೋಮ್‌ನಲ್ಲಿ ಮೇಲೆ ಮೂಲೆಯಲ್ಲಿ ದುಂಡಗಿನ ಚಿತ್ರ ಇರುತ್ತದಲ್ಲ, ಅಲ್ಲಿ ಇನ್ನೊಬ್ಬರನ್ನು ಸೇರಿಸಿದರೆ ಆಯಿತು. ಐದು ನಿಮಿಷದ ಕೆಲಸ, ಪುಕ್ಕಟೆ. ಲಾಗಿನ್, ಪಾಸ್‌ವರ್ಡ್, ಹಿಸ್ಟರಿ ಎಲ್ಲ ಬೇರೆ ಆಗುತ್ತವೆ. ಡೌನ್‌ಲೋಡ್ ಆದ ಫೈಲ್ ಮಾತ್ರ, ನೀವು ಬದಲಿಸದೇ ಇದ್ದರೆ, ಅದೇ ಹಳೆಯ ಡೌನ್‌ಲೋಡ್ಸ್ ಫೋಲ್ಡರಿಗೇ ಬೀಳುತ್ತದೆ. ನನ್ನ ಕಾಯಿಲೆ ಇದ್ದದ್ದೇ ಆ ಫೋಲ್ಡರಿನಲ್ಲಿ. ಎರಡು ಬಾಗಿಲು ಇಟ್ಟು ಒಂದೇ ಕೋಣೆಗೆ ದಾರಿ ಮಾಡಿದ ಹಾಗಾಯಿತು. ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ಎರಡು ಜಿಮೇಲ್ ಕಲಸಿಹೋಗದಿರಲಿ ಅನ್ನುವವರಿಗೆ ಇದು ಧಾರಾಳ ಸಾಕು. ನನಗೆ ಸಾಲಲಿಲ್ಲ.

ಆಮೇಲೆ ವಿಂಡೋಸ್‌ನಲ್ಲೇ ಬೇರೆ ಯೂಸರ್ ಅಕೌಂಟ್. ನನಗೊಂದು ಅಡ್ಮಿನ್, ಅಂದರೆ ಯಜಮಾನಿಕೆಯ ಅಕೌಂಟ್, ಮಗನಿಗೆ ಮತ್ತು ಮಾವನವರಿಗೆ ಸ್ಟ್ಯಾಂಡರ್ಡ್, ಅಂದರೆ ಬರೀ ಬಳಸುವವರದ್ದು. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ, ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಬ್ಬರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇನ್ನೊಬ್ಬರಿಗೆ ಕಾಣುವುದಿಲ್ಲ. ದುಡ್ಡು ಖರ್ಚಿಲ್ಲ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದರೆ ಪರದೆಗೆ ಬೀಗ.

ಎರಡು ತಿಂಗಳು ಆರಾಮಾಗಿದ್ದೆ. ಒಂದು ದಿನ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ತೆಗೆಯುವಾಗ ಡೇಟಾ ಎಲ್ಲಿದೆ ಅಂತ ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ಸಿ ಡ್ರೈವ್, ಯೂಸರ್ಸ್, ಅದರೊಳಗೆ ಪಬ್ಲಿಕ್. ಟ್ಯಾಲಿಪ್ರೈಮ್ ಹಾಕಿದಾಗ ತಾನಾಗಿ ಬರುವ ಜಾಗವೇ ಅದು, ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಮೂವರು ಲೆಕ್ಕ ಬರೆಯುವ ಅಂಗಡಿಗೆ ಅದು ಅನುಕೂಲವೂ ಹೌದು. ಆದರೆ ಪಬ್ಲಿಕ್ ಅಂದರೆ ಪಬ್ಲಿಕ್, ಎಲ್ಲ ಅಕೌಂಟಿಗೂ ತೆರೆದ ಪಡಸಾಲೆ. ನಾನು ಬೆಡ್‌ರೂಮಿಗೆ ಬೀಗ ಹಾಕಿ ತಿಜೋರಿಯನ್ನು ಪಡಸಾಲೆಯಲ್ಲಿ ಇಟ್ಟಿದ್ದೆ. ಜಾಗ ಬದಲಿಸಬಹುದು, ಬದಲಿಸಿದೆ, ಹತ್ತು ನಿಮಿಷದ ಕೆಲಸ. ನೀವೂ ಟ್ಯಾಲಿ ಬಳಸುವವರಾದರೆ ಈಗಲೇ ಒಮ್ಮೆ ನೋಡಿಕೊಳ್ಳಿ.

ಈ ವ್ಯವಸ್ಥೆ ಕೆಟ್ಟದ್ದು ಅದರಿಂದಲ್ಲ, ಅಡುಗೆಮನೆಯಿಂದ. ಮಗ ಯಾವುದೇ ಗೇಮ್ ಹಾಕಲು ಹೋದರೂ ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಕೇಳಲೇಬೇಕು, ಅದು ಅದರ ಕೆಲಸ. ನಾನು ಒಲೆಯ ಮುಂದೆ ಇರುತ್ತೇನೆ. "ಅಮ್ಮಾ, ಪಾಸ್‌ವರ್ಡ್ ಹಾಕು ಬಾ" ಅಂತ ಒಂದು ಸಲ, ಎರಡು ಸಲ, ಹತ್ತು ಸಲ. ಹನ್ನೊಂದನೆಯ ಸಲ ದೋಸೆ ತಿರುವಿ ಹಾಕುತ್ತಾ ಅಲ್ಲಿಂದಲೇ ಕೂಗಿ ಹೇಳಿಬಿಟ್ಟೆ. ಅಲ್ಲಿಗೆ ಗೋಡೆ ಬಿತ್ತು. ತಪ್ಪು ವಿಂಡೋಸ್‌ದೂ ಅಲ್ಲ, ಮಗನದೂ ಅಲ್ಲ. ಇಂಥ ಗೋಡೆ ಗಿಡ್ಡ ಇದ್ದರೆ ನಾವೇ ದಾಟುತ್ತೇವೆ, ತೀರಾ ಎತ್ತರ ಇದ್ದರೆ ನಾವೇ ಕನ್ನ ಕೊರೆಯುತ್ತೇವೆ. ಎರಡನೆಯದು ಮುಂದಿನ ಪ್ರಯೋಗದಲ್ಲಿ ತಿಳಿಯಿತು.

ಅದು ವರ್ಚುವಲ್‌ಬಾಕ್ಸ್. ಕಂಪ್ಯೂಟರಿನ ಒಳಗೆ ಒಂದು ಕಿಟಕಿಯಲ್ಲಿ ಇನ್ನೊಂದು ಪೂರ್ತಿ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್. 2007ರಲ್ಲಿ ಜರ್ಮನಿಯ ಇನ್ನೊಟೆಕ್ ಅನ್ನುವ ಕಂಪನಿ ಬಿಟ್ಟದ್ದು, ಆಮೇಲೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಕೈಗೆ, 2010ರಲ್ಲಿ ಸನ್ ಜೊತೆಗೇ ಒರಾಕಲ್ ಕೈಗೆ ಬಂತು. ಮೂಲ ಸಾಫ್ಟ್‌ವೇರ್ ಮುಕ್ತ ತಂತ್ರಾಂಶ, ನಮ್ಮಂಥ ಸಂಪಾದನೆಯ ಕೆಲಸಕ್ಕೂ ಬಳಸಬಹುದು. ಅದರ ಜೊತೆ ಸಿಗುವ ಎಕ್ಸ್‌ಟೆನ್ಶನ್ ಪ್ಯಾಕ್‌ನ ಕಥೆ ಬೇರೆ, ಅದು ಸ್ವಂತ ಬಳಕೆಗೆ, ಕಲಿಕೆಗೆ ಪುಕ್ಕಟೆ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಮೊದಲೆಲ್ಲ ಯುಎಸ್‌ಬಿ 2, 3 ಬೇಕೆಂದರೆ ಆ ಪ್ಯಾಕ್ ಹಾಕಲೇಬೇಕಿತ್ತು. 2022ರ 7.0 ಆವೃತ್ತಿಯಿಂದ ಅದು ಮೂಲದಲ್ಲೇ ಬರುತ್ತದೆ. ನನಗೆ ಇದು ಮುಖ್ಯ, ಯಾಕೆಂದರೆ ಡಿಜಿಟಲ್ ಸಹಿಯ ಟೋಕನ್ ಯುಎಸ್‌ಬಿಯಲ್ಲೇ ಇರುವುದು, ಅದು ಒಳಗಿನ ಕಂಪ್ಯೂಟರಿಗೆ ಸಿಗದಿದ್ದರೆ ನನ್ನ ಕೆಲಸವೇ ಇಲ್ಲ.

ಸಿಕ್ಕಿತು. ಟೋಕನ್ ಚುಚ್ಚಿ ಯುಎಸ್‌ಬಿ ಮೆನುವಿನಲ್ಲಿ ಗುರುತು ಹಾಕಿದರೆ ಹೊರಗಿನ ವಿಂಡೋಸ್ ಅದನ್ನು ಬಿಟ್ಟುಕೊಡುತ್ತದೆ, ಒಳಗಿನದು ಹಿಡಿದುಕೊಳ್ಳುತ್ತದೆ. ಸ್ನ್ಯಾಪ್‌ಶಾಟ್ ಅಂತೂ ನನಗೆ ತುಂಬಾ ಹಿಡಿಸಿತು. ಹೊಸ ಯುಟಿಲಿಟಿ ಹಾಕುವ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಕೆಟ್ಟರೆ ಒಂದು ಕ್ಲಿಕ್‌ನಲ್ಲಿ ನಿನ್ನೆಗೆ ವಾಪಸ್. ಇದನ್ನು ಬ್ಯಾಕಪ್ ಅಂದುಕೊಳ್ಳಬೇಡಿ ಮಾತ್ರ, ಡಿಸ್ಕ್ ಹೋದರೆ ಸ್ನ್ಯಾಪ್‌ಶಾಟೂ ಅದರ ಜೊತೆಗೇ ಹೋಗುತ್ತದೆ.

ನಿಧಾನ ಮಾತ್ರ ತಡೆಯಲಾಗದಷ್ಟು. 16 ಜಿಬಿಯಲ್ಲಿ ಒಳಗಿನದಕ್ಕೆ 8 ಕೊಟ್ಟೆ, ಆರು ಕೋರಿನಲ್ಲಿ ಮೂರು ಕೊಟ್ಟೆ, ಆದರೂ ಎಕ್ಸೆಲ್ ತೆರೆದು ಕಾಯುತ್ತಾ ಕೂರಬೇಕು. ಆಮೇಲೆ ಗಮನಿಸಿದೆ, ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಒಂದು ಪುಟ್ಟ ಹಸಿರು ಆಮೆ. ಅಲಂಕಾರಕ್ಕೆ ಇಟ್ಟದ್ದಲ್ಲ ಅದು. ವಿಂಡೋಸ್‌ನದ್ದೇ ಆದ ಇಂಥದ್ದೊಂದು ಸಾಫ್ಟ್‌ವೇರ್ ಹೈಪರ್-ವಿ ಮೊದಲೇ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯದ ಮೇಲೆ ಕೂತಿದ್ದರೆ ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಓಡಬೇಕು, ಆಗ ಆಮೆ ಕಾಣಿಸುತ್ತದೆ. ಮೆಮೊರಿ ಇಂಟೆಗ್ರಿಟಿ ಅನ್ನುವ ಭದ್ರತೆಯ ಸ್ವಿಚ್ ಆನ್ ಇದ್ದರೂ ಹೀಗೇ. ಅದನ್ನು ಆಫ್ ಮಾಡಿದರೆ ಆಮೆ ಹೋಗುತ್ತದೆ, ಜೊತೆಗೆ ಒಂದು ಭದ್ರತೆಯೂ ಹೋಗುತ್ತದೆ. ಕ್ಲೈಂಟ್‌ಗಳ ಡೇಟಾ ಕಾಪಾಡಲು ಹೊರಟು ಅದಕ್ಕಾಗಿಯೇ ಭದ್ರತೆ ಕಡಿಮೆ ಮಾಡುವುದಾ? ಮನಸ್ಸು ಒಪ್ಪಲಿಲ್ಲ.

ಲೈಸೆನ್ಸ್ ಇನ್ನೊಂದು ತಲೆನೋವು. ಒಳಗಿನ ವಿಂಡೋಸ್‌ಗೂ ಬೇರೆ ಲೈಸೆನ್ಸ್ ಬೇಕು. ಚಿಲ್ಲರೆ ದುಡ್ಡಿಗೆ ಕೀ ಮಾರುವವರು ನೆಟ್‌ನಲ್ಲಿ ಎಲ್ಲೆಲ್ಲೂ ಸಿಗುತ್ತಾರೆ. ಇನ್ನೊಬ್ಬರ ಟ್ಯಾಕ್ಸ್ ಸರಿಮಾಡಿ ಬದುಕುವವಳು ಅಂಥ ಕೀ ಹಾಕಿ ಕೂರುವುದು ನಾಚಿಕೆಗೇಡು ಅಂತ ಬಿಟ್ಟೆ.

ಆದರೆ ನಿಜವಾದ ತಪ್ಪು ನನ್ನ ತಲೆಯಲ್ಲಿತ್ತು. ನಾನು ಮನೆಯ ಬಳಕೆಯನ್ನು ಹೊರಗೆ, ಕೆಲಸವನ್ನು ಒಳಗೆ ಇಟ್ಟಿದ್ದೆ. ಕೆಲಸ ಒಳಗೆ ಭದ್ರವಾಗಿದೆ ಅಂತ ಅನ್ನಿಸುತ್ತದೆ. ಉಲ್ಟಾ. ಹೊರಗಿನ ಸಿಸ್ಟಮ್ಮಿಗೆ ಒಳಗಿನದೆಲ್ಲ ಕಾಣುತ್ತದೆ. ಮಗ ಹೊರಗೆ ಯಾವುದೋ ಕೀಲಾಗರ್ (ಒತ್ತಿದ ಕೀಗಳನ್ನೆಲ್ಲ ಕದ್ದು ಬರೆದಿಡುವ ಸಾಫ್ಟ್‌ವೇರ್) ಇರುವ ಕಳ್ಳ ಗೇಮ್ ಹಾಕಿದರೆ, ನಾನು ಒಳಗೆ ಟೈಪ್ ಮಾಡುವ ಪಾಸ್‌ವರ್ಡ್ ಕೂಡ ಅದೇ ಕೀಬೋರ್ಡಿನಿಂದ ಅದೇ ಹೊರಗಿನ ವಿಂಡೋಸ್ ದಾಟಿಯೇ ಹೋಗಬೇಕು. ನಂಬಿಕೆ ಇಲ್ಲದ್ದನ್ನು ಒಳಗೆ ಹಾಕಿ, ನಂಬಿಕಸ್ಥ ಕೆಲಸ ಹೊರಗೆ ಇಡಬೇಕು. ಆದರೆ ಗೇಮ್ ಒಳಗೆ ಹಾಕಿದರೆ ಗ್ರಾಫಿಕ್ಸ್ ಕುಂಟುತ್ತದೆ, ಮಗ ಅಳುತ್ತಾನೆ.

ಕನ್ನದ ವಿಷಯಕ್ಕೆ ಬರುತ್ತೇನೆ. ಒಳಗೆ ಹೊರಗೆ ಫೈಲ್ ಸಾಗಿಸುವುದು ಕಷ್ಟ ಅಂತ ಮೊದಲ ವಾರವೇ ಶೇರ್ಡ್ ಫೋಲ್ಡರ್ ಮಾಡಿಕೊಂಡೆ. ಎರಡನೇ ವಾರ ಕಾಪಿ ಪೇಸ್ಟ್ ಎರಡೂ ಕಡೆ ಓಡುವ ಹಾಗೆ ಮಾಡಿದೆ. ತಿಂಗಳು ಮುಗಿಯುವಷ್ಟರಲ್ಲಿ ಎಲ್ಲ ಫೈಲೂ ಆ ಶೇರ್ಡ್ ಫೋಲ್ಡರಿನಲ್ಲೇ! ದ್ಯುತಿಸಂಶ್ಲೇಷಣೆ ಮತ್ತೆ ಚಲನ್ ಪಕ್ಕ ಬಂದು ಕೂತಿತ್ತು.

ಜುಲೈ ಮಳೆಯಲ್ಲಿ ಅದಕ್ಕೆ ಕೊನೆ ಮೊಳೆ ಬಿತ್ತು. ಮಲೆನಾಡಿನ ಕರೆಂಟ್ ಗೊತ್ತಲ್ಲ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ, ನಾನೇ ನೋಡಿಕೊಂಡಿರಲಿಲ್ಲ. ಕರೆಂಟ್ ಹೋದಾಗ ಹೊರಗಿನದೂ ಒಳಗಿನದೂ ಒಟ್ಟಿಗೇ ಪಟ್ ಅಂತ ಆಫ್. ಹೊರಗಿನದು ಎದ್ದಿತು. ಒಳಗಿನದು ಏಳಲು ಅರ್ಧ ಗಂಟೆ ಡಿಸ್ಕ್ ಚೆಕ್ ಮಾಡಿಕೊಂಡಿತು. ಎದ್ದ ಮೇಲೆ ಒಂದು ಕಂಪನಿಯ ಲೆಕ್ಕ ರಿಪೇರಿ ಮಾಡಿಸಿ ಆ ಸಂಜೆಯ ಎಂಟ್ರಿಗಳನ್ನೆಲ್ಲ ಮತ್ತೆ ಹೊಡೆದೆ.

ಈಗ ಇರುವುದಕ್ಕೆ ಬರೋಣ.

500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ತಂದೆ, 3,200 ರೂಪಾಯಿ ಕೊಟ್ಟೆ. ಅದರ ಡಬ್ಬಿಯಲ್ಲಿ ಕೇಬಲ್ ಇರುವುದಿಲ್ಲ, ಮದರ್‌ಬೋರ್ಡಿನ ಹಳೆಯ ಡಬ್ಬಿಯಲ್ಲಿ ಎರಡು ಬಿದ್ದಿದ್ದವು, ಬಚಾವಾದೆ. ಪವರ್ ಕನೆಕ್ಟರ್ ಎಸ್‌ಎಂಪಿಎಸ್‌ನಿಂದ, ಅಂದರೆ ಒಳಗಿನ ಕರೆಂಟ್ ಪೆಟ್ಟಿಗೆಯಿಂದ, ಒಂದು ಖಾಲಿ ನೇತಾಡುತ್ತಿತ್ತು. ಸ್ಕ್ರೂಡ್ರೈವರ್ ಒಂದಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಹಳೆಯ ಡಿಸ್ಕಿನಲ್ಲಿ ವಿಂಡೋಸ್ 11 ನನ್ನ ಕೆಲಸಕ್ಕೆ ಮಾತ್ರ ಅಂತ ಉಳಿಯಿತು. ಹೊಸದರಲ್ಲಿ ಮನೆಯವರಿಗೆ ಲಿನಕ್ಸ್ ಮಿಂಟ್ 22, ವಿಂಡೋಸ್ ಬದಲು ಓಡಿಸಬಹುದಾದ ಪುಕ್ಕಟೆ ಸಿಸ್ಟಮ್, ಅದಕ್ಕೆ ಲೈಸೆನ್ಸಿನ ಗೊಡವೆ ಇಲ್ಲ, 2029ರವರೆಗೆ ಅಪ್‌ಡೇಟ್ ಬರುತ್ತದೆ.

ಹಾಕುವಾಗ ಒಂದು ವಿಷಯ ಮಾತ್ರ ಮರೆಯಬೇಡಿ. ಮಿಂಟ್ ಹಾಕುವ ಮುಂಚೆ ವಿಂಡೋಸ್ ಡಿಸ್ಕನ್ನು ಬೋರ್ಡಿನಿಂದ ಬಿಚ್ಚಿಡಿ. ಇಲ್ಲದಿದ್ದರೆ ಹೊಸ ಸಿಸ್ಟಮ್ ತನ್ನ ಬೂಟ್ ಫೈಲುಗಳನ್ನು ಹಳೆಯ ಡಿಸ್ಕಿನಲ್ಲಿ ಇಟ್ಟುಬಿಡುವ ಸಾಧ್ಯತೆ ಇದೆ, ಆಗ ಡಿಸ್ಕ್ ಎರಡಾದರೂ ಬಾಗಿಲು ಒಂದೇ ಆಗುತ್ತದೆ. ಬಿಚ್ಚಿ ಹಾಕಿದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ನಾಳೆ ಒಂದು ಡಿಸ್ಕ್ ಕಿತ್ತರೂ ಇನ್ನೊಂದು ತನ್ನ ಪಾಡಿಗೆ ಏಳುತ್ತದೆ.

ಬಟನ್ ಒತ್ತಿದರೆ ತಾನಾಗಿ ಏಳುವುದು ಮಿಂಟ್, ನಾನು ಬೇಕೆಂದೇ ಹಾಗೆ ಇಟ್ಟದ್ದು. ಕೆಲಸಕ್ಕೆ ಕೂರುವಾಗ ನಾನು ಎಫ್12 ಒತ್ತಿ ವಿಂಡೋಸ್ ಡಿಸ್ಕ್ ಆರಿಸಬೇಕು. ಕೆಲವು ಬೋರ್ಡುಗಳಲ್ಲಿ ಅದು ಎಫ್8, ಕೆಲವದರಲ್ಲಿ ಎಫ್11. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಒಂದು ನಿಮಿಷದೊಳಗೆ ಆಗುತ್ತದೆ. ಈ ಒಂದು ನಿಮಿಷವೇ ನನಗೆ ಹದವಾಗಿ ಬಂದ ಗೋಡೆ. ಸುಮ್ನೆ ಒಂದು ವಿಡಿಯೋ ನೋಡೋಣ ಅಂತ ದಾಟಲು ಬೇಜಾರಾಗುತ್ತದೆ, ನಿಜವಾಗಿ ಬೇಕಾದಾಗ ದಾಟಬಹುದು. ಅಡುಗೆಮನೆಯಿಂದ ಪಾಸ್‌ವರ್ಡ್ ಕೂಗುವ ಪ್ರಸಂಗವೂ ಇಲ್ಲ, ಮಿಂಟ್‌ನ ಪಾಸ್‌ವರ್ಡ್ ಮಗನ ಹತ್ತಿರವೇ ಇದೆ. ಅವನು ಅದನ್ನು ಕೆಡಿಸಿಕೊಂಡರೆ ಅವನೇ ಮತ್ತೆ ಹಾಕಿಕೊಳ್ಳುತ್ತಾನೆ, ಒಮ್ಮೆ ಹಾಕಿಕೊಂಡೂ ಆಯಿತು.

ಮೊದಲ ವಾರ ಎಲ್ಲ ಸರಿ ಅಂದುಕೊಂಡಿದ್ದೆ. ಒಂದು ಸಂಜೆ ಮಗ ಬಂದು, "ಅಮ್ಮ, ಇದರಲ್ಲಿ ನಿನ್ನ ಫೋಲ್ಡರ್ ಎಲ್ಲ ಕಾಣುತ್ತೆ" ಅಂದ. ಹೋಗಿ ನೋಡಿದರೆ ಮಿಂಟ್‌ನ ಫೈಲ್ ಮ್ಯಾನೇಜರಿನಲ್ಲಿ ಎಡಗಡೆ ವಿಂಡೋಸ್ ಡಿಸ್ಕ್ ಇದೆ, ಎರಡು ಸಲ ಕ್ಲಿಕ್ ಮಾಡಿದರೆ ನನ್ನ ಇಡೀ ಆಫೀಸು ತೆರೆದುಕೊಂಡಿದೆ. ಪಾಸ್‌ವರ್ಡ್ ಇಲ್ಲ, ಕೇಳುವವರಿಲ್ಲ. ವಿಂಡೋಸ್ ಪಾಸ್‌ವರ್ಡ್ ವಿಂಡೋಸ್ ಓಡುವಾಗ ಮಾತ್ರ ಕಾವಲು ಕಾಯುತ್ತದೆ. ಹೊರಗಿನಿಂದ ಬಂದು ಡಿಸ್ಕ್ ಓದುವವನಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡು ಡಿಸ್ಕ್, ಎರಡು ಸಿಸ್ಟಮ್ ಅಂತ ಬೀಗುತ್ತಿದ್ದವಳಿಗೆ ಎಂಟನೇ ಕ್ಲಾಸಿನ ಹುಡುಗ ಎರಡು ಕ್ಲಿಕ್‌ನಲ್ಲಿ ಪಾಠ ಮಾಡಿದ.

ಇದಕ್ಕೆ ಮದ್ದು ಬಿಟ್‌ಲಾಕರ್, ಅಂದರೆ ಡಿಸ್ಕನ್ನೇ ಗುಪ್ತಲಿಪಿ ಮಾಡಿಡುವುದು. ಪೂರ್ತಿ ಬಿಟ್‌ಲಾಕರ್ ಬೇಕೆಂದರೆ ವಿಂಡೋಸ್ ಪ್ರೋ ಇರಬೇಕು, ನನ್ನದು ಹೋಮ್ ಇತ್ತು. ಏರಿಸಲು ಎಸ್‌ಎಸ್‌ಡಿಗಿಂತ ಜಾಸ್ತಿ ಖರ್ಚಾಯಿತು. ಹೊಟ್ಟೆ ಉರಿಯಿತು, ಆದರೆ ಇಡೀ ಪ್ರಯೋಗದಲ್ಲಿ ಸಾರ್ಥಕ ಆದ ದುಡ್ಡು ಅಂದರೆ ಇದೇ. ಈಗ ಮಿಂಟ್‌ನಿಂದ ಆ ಡಿಸ್ಕ್ ಕ್ಲಿಕ್ ಮಾಡಿದರೆ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಕಳ್ಳ ಬಂದು ಕ್ಯಾಬಿನೆಟ್ ಎತ್ತಿಕೊಂಡು ಹೋದರೂ ಅಷ್ಟೇ.

ಪ್ರೋ ಬಂದಾಗ ಜೊತೆಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಸಿಕ್ಕಿತು. ಯಾರೋ ಕಳಿಸಿದ ಅನುಮಾನದ ಫೈಲ್ ಇದ್ದರೆ ಅದರಲ್ಲಿ ತೆರೆದು ನೋಡುತ್ತೇನೆ. ಮುಚ್ಚಿದ ಕೂಡಲೇ ಒಳಗಿನದೆಲ್ಲ ಒರೆಸಿ ಹೋಗುತ್ತದೆ, ಬಾಳೆ ಎಲೆಯಲ್ಲಿ ಉಂಡು ಮಡಚಿ ಎಸೆದ ಹಾಗೆ.

ಬಿಟ್‌ಲಾಕರ್ ಹಾಕಿದವರು ಒಂದು ಭಯದ ರಾತ್ರಿ ಕಳೆಯಲೇಬೇಕೇನೋ, ನಾನೂ ಕಳೆದೆ. ಮಗನಿಗೆ ಮಿಂಟ್‌ನಲ್ಲಿ ಒಂದು ಯುಎಸ್‌ಬಿ ವೈಫೈ ಡಾಂಗಲ್ ಓಡಿಸಬೇಕಿತ್ತು. ಅದರ ಡ್ರೈವರ್‌ಗೆ ಸಹಿ ಇಲ್ಲ, ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಲೋಡ್ ಆಗುವುದಿಲ್ಲ. ನಾನು ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ಗೆ, ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ವೈಫೈ ಬಂತು, ಮಗ ಕುಣಿದ. ಅವತ್ತು ತಾರೀಖು 19. ಮರುದಿನ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್ ಕೊನೆ ದಿನ. ರಾತ್ರಿ ಎಂಟಕ್ಕೆ ವಿಂಡೋಸ್ ತೆರೆದರೆ ನೀಲಿ ಪರದೆ, 48 ಅಂಕೆಯ ರಿಕವರಿ ಕೀ ಕೊಡು ಅಂತಿದೆ. ಬಯೋಸ್‌ನಲ್ಲಿ ಭದ್ರತೆಯ ಸ್ಥಿತಿ ಬದಲಾದದ್ದನ್ನು ನೋಡಿ ಅದಕ್ಕೆ ಅನುಮಾನ ಬಂದಿದೆ. ಸರಿಯಾಗಿಯೇ ಬಂದಿದೆ, ಅದಕ್ಕೇ ಅಲ್ವಾ ನಾನು ದುಡ್ಡು ಕೊಟ್ಟದ್ದು.

ಕೀ ಪ್ರಿಂಟ್ ತೆಗೆದು ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೆ. ಮಾವ ಕನ್ನಡಕ ಏರಿಸಿಕೊಂಡು ಆರಾರು ಅಂಕೆಯಾಗಿ ಓದಿದರು, ನಾನು ಒತ್ತಿದೆ, ಬಾಗಿಲು ತೆರೆಯಿತು. ಆಮೇಲೆ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ. ಮಿಂಟ್ ಅದು ಆನ್ ಇದ್ದರೂ ಓಡುತ್ತದೆ, ತೊಂದರೆ ಇದ್ದದ್ದು ಆ ಡಾಂಗಲ್‌ಗೆ ಮಾತ್ರ. ಮಗನಿಗೆ ರೂಟರಿನಿಂದ ಲ್ಯಾನ್ ವೈರ್ ಎಳೆದು ಕೊಟ್ಟೆ. ಆ ಕೀ ಕಂಪ್ಯೂಟರಿನೊಳಗೆ ಒಂದು ಫೈಲ್ ಮಾಡಿ ಇಟ್ಟವರು ಈಗಲೇ ಎದ್ದು ಪ್ರಿಂಟ್ ತೆಗೆಯಿರಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ್ದೀರಿ.

ಗಡಿಯಾರದ ತಮಾಷೆ ಹೇಳದಿದ್ದರೆ ಈ ರಿವ್ಯೂ ಪೂರ್ತಿ ಆಗುವುದಿಲ್ಲ. ಮಿಂಟ್ ಬೋರ್ಡಿನ ಗಡಿಯಾರದಲ್ಲಿ ಗ್ರೀನಿಚ್ ಕಡೆಯ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಹಾಗಾಗಿ ಮಗ ಮಿಂಟ್ ಬಳಸಿ ಎದ್ದ ಮೇಲೆ ನನ್ನ ವಿಂಡೋಸ್ ಐದೂವರೆ ಗಂಟೆ ಹಿಂದೆ ಓಡುತ್ತಿತ್ತು. ಒಂದು ತಿಂಗಳು 21ರ ಬೆಳಗಿನ ಜಾವ ಐದಕ್ಕೆ ಕೂತರೆ ಕಂಪ್ಯೂಟರಿನಲ್ಲಿ ಇನ್ನೂ 20ರ ರಾತ್ರಿ ಹನ್ನೊಂದೂವರೆ! ಒಂದು ಕ್ಷಣ ಖುಷಿಯೂ ಆಯಿತು. ಪೋರ್ಟಲ್ ನಮ್ಮ ಗಡಿಯಾರ ನಂಬುವುದಿಲ್ಲ ಬಿಡಿ, ಲೇಟ್ ಫೀ ತನ್ನ ಪಾಡಿಗೆ ಏರುತ್ತದೆ. ಮಿಂಟ್‌ಗೆ ಒಂದು ಸಾಲಿನ ಕಮಾಂಡ್ ಕೊಟ್ಟು ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವೇ ಇರಲಿ ಅಂತ ಹೇಳಿದರೆ ಸರಿಹೋಗುತ್ತದೆ. ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಸಮಯ ಬದಲಿಸುವ ದೇಶಗಳಲ್ಲಿ ಇದರಿಂದ ಗೊಂದಲ ಆಗಬಹುದು, ನಮಗೆ ಆ ಚಿಂತೆ ಇಲ್ಲ.

ಮಾವನವರದ್ದೇ ನನಗೆ ದೊಡ್ಡ ಭಯ ಇತ್ತು. ಎಪ್ಪತ್ತು ದಾಟಿದವರು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳು ಪಳಗಿದವರು. ಮಿಂಟ್‌ನಲ್ಲೂ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಅನ್ನುವ ಸಾಫ್ಟ್‌ವೇರ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಸಾಕು. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೀಲಿಮಣೆ ಅದು, ಹಾಗಾಗಿ ಬೆರಳು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ಹತ್ತು ನಿಮಿಷದಲ್ಲಿ ಟೈಪ್ ಮಾಡತೊಡಗಿದರು. ಹಳೆಯ ಫೈಲುಗಳು ಮಾತ್ರ ಕೈಕೊಟ್ಟವು. ಅವು ಯುನಿಕೋಡ್ ಬರುವ ಮುಂಚಿನ ನುಡಿ ಫಾಂಟಿನವು, ಆ ಫಾಂಟ್ ಇಲ್ಲದ ಕಡೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ ಮತ್ತು ಕೊಂಬು ಬಾಲಗಳ ರಾಶಿ ಕಾಣಿಸುತ್ತದೆ. ಒಂದು ಭಾನುವಾರ ಕೂತು ಎಲ್ಲವನ್ನೂ ಯುನಿಕೋಡಿಗೆ ಬದಲಿಸಿದೆವು. ಒತ್ತಕ್ಷರ ಕೆಲವು ಕಡೆ ತಪ್ಪಿದ್ದವು, ಅವರು ಒಂದೊಂದಾಗಿ ತಿದ್ದುತ್ತಾ ಇದ್ದಾರೆ. ಅವರಿಗೆ ಅದೇ ಈಗ ಮಧ್ಯಾಹ್ನದ ಕೆಲಸ.

ಮಗನಿಗೆ ಮಾತ್ರ ನಷ್ಟ ಆಯಿತು, ಒಪ್ಪಿಕೊಳ್ಳುತ್ತೇನೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಮಿಂಟ್‌ನಲ್ಲಿ ಚೆನ್ನಾಗಿ ಓಡುತ್ತದೆ. ಗೇಮ್ ಮಾರುವ ಸ್ಟೀಮ್‌ನ ಎಷ್ಟೋ ಗೇಮ್‌ಗಳು, ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ಓಡುತ್ತವೆ. ವ್ಯಾಲರಂಟ್ ಓಡುವುದಿಲ್ಲ. ಅದರಲ್ಲಿ ಮೋಸ ಹಿಡಿಯುವ ಸಾಫ್ಟ್‌ವೇರ್ ವಿಂಡೋಸ್‌ನ ಕರ್ನಲ್ ಮಟ್ಟದಲ್ಲಿ, ಅಂದರೆ ಸಿಸ್ಟಮ್ಮಿನ ತೀರಾ ಒಳಗೆ ಕೂರುತ್ತದೆ, ಲಿನಕ್ಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಗೆಳೆಯರೆಲ್ಲ ಅದನ್ನೇ ಆಡುವುದು. ಹದಿನೈದು ದಿನ ಮುಖ ಊದಿಸಿಕೊಂಡಿದ್ದ. "ನಿನ್ನ ಡಿಸ್ಕಿನಲ್ಲಿ ಅದೊಂದೇ ಹಾಕ್ಕೊಳ್ತೀನಿ" ಅಂತ ಗೋಗರೆದ. ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇರುವ ಸಿಸ್ಟಮ್ಮಿನ ಅಷ್ಟು ಆಳಕ್ಕೆ ಯಾವ ಗೇಮಿನ ಡ್ರೈವರೂ ಇಳಿಯುವುದು ನನಗೆ ಬೇಡ ಅಂದೆ. ಮಗನಿಗೆ ಗೇಮ್ ಮುಖ್ಯ ಅನ್ನುವ ಮನೆಯವರು ಎರಡನೇ ಡಿಸ್ಕಿಗೂ ಇನ್ನೊಂದು ವಿಂಡೋಸ್ ಲೈಸೆನ್ಸ್ ತಗೊಂಡು ಹಾಕಬಹುದು, ಆಗ ಗಡಿಯಾರದ ಗಲಾಟೆಯೂ ಇರುವುದಿಲ್ಲ.

ಇನ್ನೂ ಬಗೆಹರಿಯದ್ದು ಪೆನ್ ಡ್ರೈವ್. ಎರಡೂ ಕಡೆಯ ನಡುವೆ ಫೈಲ್ ಸಾಗಿಸಲು 32 ಜಿಬಿಯದ್ದೊಂದು ಇಟ್ಟಿದ್ದೇನೆ, ಕೆಂಪು ದಾರ ಕಟ್ಟಿ. ನಿಯಮ ಏನೆಂದರೆ ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ಯಬಾರದು. ಮಗ ಎರಡು ಸಲ ಒಯ್ದಿದ್ದಾನೆ. ವಾಪಸ್ ಬಂದಾಗ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿತ್ತು, ಯಾವ ವೈರಸ್ ಅಂತ ಜೆರಾಕ್ಸ್ ಅಂಗಡಿಗೆ ಹೋಗುವವರಿಗೆಲ್ಲ ಗೊತ್ತು. ಮಿಂಟ್‌ನಲ್ಲಿ ತೆರೆದು ಫಾರ್ಮ್ಯಾಟ್ ಮಾಡಿದೆ. ಮತ್ತೆ ಫೋನ್, ಅದರಲ್ಲಿ ವಾಟ್ಸಾಪ್ ಒಂದೇ, ಕ್ಲೈಂಟೂ ಅಲ್ಲೇ, ಅತ್ತಿಗೆಯೂ ಅಲ್ಲೇ. ಕಂಪ್ಯೂಟರಿಗೆ ಇಷ್ಟೆಲ್ಲ ಮಾಡಿ ಫೋನಿಗೆ ಏನೂ ಮಾಡಿಲ್ಲ, ಬೈಯುವವರು ಬೈಯಬಹುದು.

ಎರಡು ಡಿಸ್ಕ್ ಇದೆ ಅಂತ ಬ್ಯಾಕಪ್ ಬಿಡುವ ಹಾಗೂ ಇಲ್ಲ. ಎರಡೂ ಇರುವುದು ಒಂದೇ ಡಬ್ಬಿಯಲ್ಲಿ, ಒಂದು ಸಿಡಿಲು ಸಾಕು. ಜಿಎಸ್‌ಟಿ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ಪ್ರತಿ ಶನಿವಾರ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ವೈರ್ ಕಿತ್ತು, ಅದನ್ನೂ ಬೀರುವಿನಲ್ಲಿ ಇಡುತ್ತೇನೆ.

ಯಾರಿಗೆ ಇದು ಬೇಕು ಅಂತ ಕೇಳಿದರೆ ಎಲ್ಲರಿಗೂ ಬೇಡ ಅಂತಲೇ ಹೇಳುತ್ತೇನೆ. ಮನೆಯವರೆಲ್ಲ ದೊಡ್ಡವರಾಗಿದ್ದು, ಕೆಲಸ ಮೇಲ್ ಮತ್ತು ಎಕ್ಸೆಲ್‌ಗೆ ಮುಗಿಯುವುದಾದರೆ ಬೇರೆ ಯೂಸರ್ ಅಕೌಂಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಕೂಗಬೇಡಿ, ಅಷ್ಟು ಸಾಕು. ಹೊಸ ಸಾಫ್ಟ್‌ವೇರ್ ಹಾಕಿ ನೋಡುವ ಚಾಳಿ ಇರುವವರಿಗೆ, ರ‍್ಯಾಮ್ 32 ಜಿಬಿ ಇರುವವರಿಗೆ ವರ್ಚುವಲ್‌ಬಾಕ್ಸ್ ಒಳ್ಳೆಯದು. ಅದೇ ಥರದ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ ಕೂಡ 2024ರ ನವೆಂಬರಿನಿಂದ ಎಲ್ಲರಿಗೂ ಪುಕ್ಕಟೆ ಆಗಿದೆ, ಅದನ್ನೂ ನೋಡಬಹುದು. ಕಂಪನಿಯವರು ಲ್ಯಾಪ್‌ಟಾಪ್ ಕೊಟ್ಟಿದ್ದರೆ ಈ ಗೋಜಿಗೇ ಹೋಗಬೇಡಿ, ಅದರಲ್ಲಿ ಕೆಲಸ, ಇದರಲ್ಲಿ ಮನೆ, ಬೇಕಿದ್ದರೆ ಒಂದು ಕೆವಿಎಂ ಸ್ವಿಚ್ ಹಾಕಿ ಕೀಬೋರ್ಡು ಮಾನಿಟರ್ ಹಂಚಿಕೊಳ್ಳಿ. ಇನ್ನೊಬ್ಬರ ಹಣದ ಕಾಗದ ನಿಮ್ಮ ಕಂಪ್ಯೂಟರಿನಲ್ಲಿದ್ದು, ಅದೇ ಕುರ್ಚಿಯಲ್ಲಿ ಸಂಜೆ ಒಂದು ಮಗು ಕೂರುತ್ತದೆ ಅನ್ನುವ ಮನೆಗೆ ಮಾತ್ರ ಎರಡು ಡಿಸ್ಕ್ ಮತ್ತು ಬಿಟ್‌ಲಾಕರ್. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಮ್ಮಿ ಮಾಡಿದ್ದು 19ರ ರಾತ್ರಿಗೆ, ಅದು ನನ್ನದೇ ತಪ್ಪಾದರೂ.

ಅಡಿಕೆ ಮಂಡಿಯವರು ಈಗಲೂ ಪ್ರತಿ ತಿಂಗಳು ಚಲನ್ ಬಂದ ಮೇಲೆ ಒಂದು ಮೆಸೇಜ್ ಹಾಕುತ್ತಾರೆ: "ಸಿಕ್ತು ಮೇಡಂ. ಎಲೆ ಯಾವುದೂ ಇಲ್ಲ."